ಉಂಗುರ ತೊಡಿಸಿದ ಸಲೀಂ ಅಲಿ

ಸಲೀಂ ಅಲಿ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಜಿಕೆ ಪುಸ್ತಕದ ಒಂದು ಸಾಲು, ಭಾರತದ ಪಕ್ಷಿಮಾನವ, ಅಷ್ಟೇ. ಹತ್ತಿರ ಹತ್ತಿರ 34 ವಯಸ್ಸಾದಾಗ ಈ ಮನುಷ್ಯನಿಗೆ ಕೆಲಸವೇ ಇರಲಿಲ್ಲ ಅನ್ನೋದು ಆ ಪುಸ್ತಕದಲ್ಲಿ ಇರಲ್ಲ.

1896ರಲ್ಲಿ ಮುಂಬೈಯಲ್ಲಿ ಹುಟ್ಟಿದರು. ಚಿಕ್ಕವರಿದ್ದಾಗಲೇ ಅಪ್ಪ ಅಮ್ಮ ತೀರಿಹೋದರು, ಸಾಕಿದ್ದು ಸೋದರಮಾವ. ಕಾಲೇಜಲ್ಲಿ ಮ್ಯಾಥ್ಸ್ ಕೈಕೊಟ್ಟಿತು (ಎಂ-3 ಬರೆದವರಿಗೆ ಇದು ಹೊಸ ಕಥೆ ಅಲ್ಲ). ಓದು ಬಿಟ್ಟು ಬರ್ಮಾಕ್ಕೆ ಹೋದರು. ವಾಪಸ್ ಬಂದು ಪ್ರಾಣಿಶಾಸ್ತ್ರ ಓದಿದರೂ ಡಿಗ್ರಿ ಇಲ್ಲ ಅಂತ ಜೂವಾಲಜಿಕಲ್ ಸರ್ವೇಯಲ್ಲಿ ತಗೊಳ್ಳಲಿಲ್ಲ. 1926ರಲ್ಲಿ ಮುಂಬೈ ಮ್ಯೂಸಿಯಂನಲ್ಲಿ ಗೈಡ್ ಲೆಕ್ಚರರ್ ಆದರು. ಎರಡು ವರ್ಷಕ್ಕೆ ಅದೂ ಬೇಜಾರಾಗಿ, ರಜೆ ಹಾಕಿ ಕಲಿಯೋಕೆ ಬರ್ಲಿನ್‌ಗೆ ಹೊರಟರು.

ಆ ಪ್ರವಾಸದಲ್ಲೇ ಹೆಲಿಗೊಲ್ಯಾಂಡ್ ನೋಡಿದ್ದು. ಉತ್ತರ ಸಮುದ್ರದ ನಡುವೆ ಒಂದು ಪುಟ್ಟ ಕೆಂಪು ಬಂಡೆಯ ದ್ವೀಪ. ಶರತ್ಕಾಲದಲ್ಲಿ ದಕ್ಷಿಣಕ್ಕೆ ಹಾರುವ ಹಕ್ಕಿಗಳು ಸುಸ್ತಾಗಿ ಅಲ್ಲಿ ಇಳೀತವೆ. ಹಿಡಿಯೋ ಬೋನಿನ ಡಿಸೈನ್ ನಂಗೆ ತುಂಬಾ ಇಷ್ಟ ಆಯ್ತು: ಅಗಲ ಬಾಯಿಯ ತಂತಿಬಲೆಯ ಫನಲ್, ಒಳಗೆ ಪೊದೆಗಳು, ತುದಿಯಲ್ಲಿ ಸಣ್ಣ ಪೆಟ್ಟಿಗೆ. ಹಿಂದಿನಿಂದ ಅಟ್ಟಿದರೆ ಹಕ್ಕಿ ತಾನಾಗೇ ಪೆಟ್ಟಿಗೆ ಸೇರುತ್ತೆ. ಕಾಲಿಗೆ ನಂಬರ್ ಇರೋ ಹಗುರ ಉಂಗುರ ಹಾಕಿ ಬಿಟ್ಟುಬಿಡೋದು. ಇನ್ನೆಲ್ಲೋ ಯಾರೋ ಆ ನಂಬರ್ ನೋಡಿ ಬರೆದು ಕಳಿಸಿದರೆ ದಾರಿಯ ಎರಡು ಪಾಯಿಂಟ್ ಸಿಕ್ಕ ಹಾಗೆ. ಜಿಪಿಎಸ್ ಇಲ್ಲದ ಕಾಲದ ಟ್ರ್ಯಾಕಿಂಗ್ ಇದು.

1930ರಲ್ಲಿ ವಾಪಸ್ ಬಂದರೆ, ದುಡ್ಡಿಲ್ಲ ಅಂತ ಮ್ಯೂಸಿಯಂನ ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ಹೆಂಡತಿ ತೆಹಮಿನಾ ಜೊತೆ ಕಿಹಿಮ್ ಅನ್ನೋ ಕಡಲತೀರದ ಹಳ್ಳಿ ಸೇರಿದರು. ಮಳೆಗಾಲವಿಡೀ ಗೀಜಗದ ಗೂಡು ನೋಡುತ್ತಾ ಕೂತರು. ಗಂಡು ಅರ್ಧ ಗೂಡು ಕಟ್ಟಿ ಕಾಯುತ್ತೆ, ಹೆಣ್ಣು ಬಂದು ಒಪ್ಪಿದ ಮೇಲೇ ಪೂರ್ತಿ ಮಾಡುತ್ತೆ, ಆಮೇಲೆ ಇನ್ನೊಂದು ಹೆಣ್ಣಿಗೆ ಇನ್ನೊಂದು ಗೂಡು! ಅವರಿಗೆ ಹೆಸರು ತಂದದ್ದು ಇದೇ ಅಧ್ಯಯನ.

1939ರಲ್ಲಿ ತೆಹಮಿನಾ ತೀರಿಕೊಂಡರು. ಸಲೀಂ ಅಲಿ ಕೆಲಸ ನಿಲ್ಲಿಸಲಿಲ್ಲ. 1940ರಲ್ಲಿ ನಮ್ಮ ರಂಗನತಿಟ್ಟು ಪಕ್ಷಿಧಾಮ ಆದದ್ದು ಅವರು ಮೈಸೂರು ಒಡೆಯರನ್ನು ಒಪ್ಪಿಸಿದ್ದರಿಂದ.

ಹೆಲಿಗೊಲ್ಯಾಂಡ್‌ನಲ್ಲಿ ಕಲಿತದ್ದು ದೊಡ್ಡ ಮಟ್ಟದಲ್ಲಿ ಉಪಯೋಗಕ್ಕೆ ಬರೋಕೆ ಸುಮಾರು 30 ವರ್ಷ ಬೇಕಾಯ್ತು. ಅದಕ್ಕೆ ಕಾರಣ ಮಲೆನಾಡು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಯತೊಡಗಿದವು, ಜನಕ್ಕೂ ಜ್ವರ ಬಂತು. ಮಂಗನ ಕಾಯಿಲೆಯ ವೈರಸ್ ಸೈಬೀರಿಯಾದ ಉಣುಗಿನಿಂದ ಹರಡುವ ವೈರಸ್ ಥರಾನೇ ಇತ್ತು. ಹಾಗಾದ್ರೆ ವಲಸೆ ಹಕ್ಕಿ ಮೈಮೇಲಿನ ಉಣುಗು ಇದನ್ನು ತಂದಿರಬಹುದಾ? ಈ ಅನುಮಾನದಿಂದ ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು, ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1959ರಿಂದ ಉಂಗುರ ಹಾಕುವ ಕೆಲಸ ಶುರು ಮಾಡಿದರು.

ಅವರು ಮಹತ್ವ ಗುರುತಿಸಿದ ಜಾಗಗಳಲ್ಲಿ ತಮಿಳುನಾಡಿನ ಕೋಡಿಕ್ಕರೈ ಒಂದು. ಬಂಗಾಳ ಕೊಲ್ಲಿ, ಪಾಕ್ ಜಲಸಂಧಿ ಸೇರುವ ಮೂಲೆ. ಉಪ್ಪಿನ ಗದ್ದೆ, ಕೆಸರು ದಡ. 1967ರಲ್ಲಿ ಅದು ಅಭಯಾರಣ್ಯ ಆಯ್ತು. ಸಲೀಂ ಅಲಿ 1987ರಲ್ಲಿ, 90 ದಾಟಿ, ತೀರಿಕೊಂಡರು. ಈಗಲೂ ಸೆಪ್ಟೆಂಬರ್-ಅಕ್ಟೋಬರ್ ಬಂತೆಂದರೆ ಆ ಕೆಸರಿಗೆ ಲಿಟಲ್ ಸ್ಟಿಂಟ್‌ಗಳು ಇಳೀತವೆ. ಒಂದೊಂದೂ ತೂಗೋದು ಸುಮಾರು 25 ಗ್ರಾಂ, ಬರೋದು ರಷ್ಯಾದ ಉತ್ತರ ತುದಿಯಿಂದ. ಕೆಲವಕ್ಕೆ ಕಾಲಲ್ಲಿ ಉಂಗುರ ಇರುತ್ತೆ.