ಕಮಲಾ ಸೊಹೊನಿ: ಊಟದ ತಟ್ಟೆಯನ್ನು ಪ್ರಯೋಗಾಲಯಕ್ಕೆ ತಂದ ವಿಜ್ಞಾನಿ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಉತ್ಕರ್ಷಣ ಮತ್ತು ಅಪಕರ್ಷಣದ ಪಾಠ ಬರುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು, ಎಣ್ಣೆ ಪದಾರ್ಥ ಕಮಟು ವಾಸನೆ ಬರುವುದು, ಅದನ್ನು ತಡೆಯಲು ಉತ್ಕರ್ಷಣ ನಿರೋಧಕಗಳನ್ನು ಸೇರಿಸುವುದು ಅದರಲ್ಲಿವೆ. ಚಿಂಚೋಳಿ ತಾಲೂಕಿನ ಚಿಮ್ಮನಚೋಡದಲ್ಲಿ ಅಭ್ಯಾಸ ಬೋಧನೆಗೆ ಹೋದಾಗ ನನ್ನ ಪಾಲಿಗೆ ಬಂದದ್ದು ಇದೇ ಘಟಕ. ಡಬ್ಬಿಯಲ್ಲಿ ಬಹಳ ದಿನ ಇಟ್ಟ ಶೇಂಗಾ ಹಿಂಡಿ ಕಮಟಾಗುವುದು ಮಕ್ಕಳಿಗೆ ಗೊತ್ತು. ಆದರೆ ಅದೇ ಬಗೆಯ ಕ್ರಿಯೆ ನಮ್ಮ ದೇಹದಲ್ಲಿಯೂ ನಡೆಯುತ್ತದೆ, ಅದನ್ನು ಹತೋಟಿಯಲ್ಲಿಡಲು ನಾವು ಉಣ್ಣುವ ಊಟವೇ ನೆರವಾಗುತ್ತದೆ ಎಂಬುದನ್ನು ಹೇಗೆ ಹೇಳುವುದು? ಇದಕ್ಕಾಗಿ ನಾನು ಒಬ್ಬ ವಿಜ್ಞಾನಿಯ ಜೀವನವನ್ನು ಆರಿಸಿಕೊಂಡೆ. ಅವರೇ ಡಾ. ಕಮಲಾ ಸೊಹೊನಿ. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಗುರುತಿಸಲಾಗುತ್ತದೆ.

ಕಮಲಾ ಹುಟ್ಟಿದ್ದು 1911ರ ಜೂನ್ 18ರಂದು, ಇಂದೋರಿನಲ್ಲಿ. ಮನೆತನದ ಹೆಸರು ಭಾಗವತ್. ತಂದೆ ನಾರಾಯಣರಾವ್ ಮತ್ತು ಚಿಕ್ಕಪ್ಪ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನಿಗಳು, ಇಬ್ಬರೂ ಬೆಂಗಳೂರಿನ ಟಾಟಾ ಸಂಸ್ಥೆಯಲ್ಲಿ ಓದಿದವರು. ಇಂದು ನಾವು ಭಾರತೀಯ ವಿಜ್ಞಾನ ಸಂಸ್ಥೆ ಎಂದು ಕರೆಯುವುದು ಅದನ್ನೇ. ಮರಾಠಿಯ ಪ್ರಸಿದ್ಧ ಲೇಖಕಿ ದುರ್ಗಾ ಭಾಗವತ್ ಇವರ ಅಕ್ಕ. ಮನೆಯಲ್ಲಿ ಹೆಣ್ಣುಮಕ್ಕಳ ಓದಿಗೆ ಅಡ್ಡಿ ಇರಲಿಲ್ಲ. 1933ರಲ್ಲಿ ಕಮಲಾ ಮುಂಬಯಿ ವಿಶ್ವವಿದ್ಯಾಲಯದಿಂದ ರಸಾಯನ ವಿಜ್ಞಾನ ಮತ್ತು ಭೌತ ವಿಜ್ಞಾನ ಓದಿ, ಮೊದಲ ಸ್ಥಾನದಲ್ಲಿ ಬಿ.ಎಸ್ಸಿ. ಮುಗಿಸಿದರು. ತಂದೆ, ಚಿಕ್ಕಪ್ಪ ಓದಿದ ಸಂಸ್ಥೆಯಲ್ಲಿಯೇ ಸಂಶೋಧನೆ ಮಾಡಬೇಕೆಂದು ಬೆಂಗಳೂರಿಗೆ ಅರ್ಜಿ ಹಾಕಿದರು.

ಅರ್ಜಿ ತಿರಸ್ಕೃತವಾಯಿತು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ.ವಿ. ರಾಮನ್. ಹೆಣ್ಣುಮಗಳು ಎಂಬುದೇ ತಿರಸ್ಕಾರಕ್ಕೆ ಕಾರಣ. ಕಮಲಾ ಸುಮ್ಮನೆ ಊರಿಗೆ ಮರಳಲಿಲ್ಲ. ಗಾಂಧೀಜಿಯವರ ದಾರಿ ಹಿಡಿದು ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹ ಕೂತರು. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತುಗಳೊಂದಿಗೆ. ಮೊದಲ ವರ್ಷ ಅವರನ್ನು ಪೂರ್ಣ ವಿದ್ಯಾರ್ಥಿಯೆಂದು ಪರಿಗಣಿಸುವುದಿಲ್ಲ, ಕೆಲಸದ ಗುಣಮಟ್ಟ ನಿರ್ದೇಶಕರಿಗೆ ಒಪ್ಪಿಗೆಯಾದ ಮೇಲೆಯೇ ಮಾನ್ಯತೆ ಸಿಗುತ್ತದೆ, ಅಲ್ಲಿನ ಪುರುಷ ಸಂಶೋಧಕರ ಗಮನಕ್ಕೆ ಭಂಗ ತರಬಾರದು. ಕಮಲಾ ಒಪ್ಪಿದರು, ನೋವನ್ನು ನುಂಗಿಕೊಂಡು ಒಪ್ಪಿದರು. ಆ ನೋವನ್ನು ಅವರು ಮುಪ್ಪಿನವರೆಗೂ ಮರೆಯಲಿಲ್ಲ.

ಈ ಭಾಗವನ್ನು ಮಕ್ಕಳಿಗೆ ಹೇಳಬೇಕೋ ಬೇಡವೋ ಎಂದು ನಾನು ಯೋಚಿಸಿದೆ. ಪ್ರತಿ ವರ್ಷ ಫೆಬ್ರವರಿ 28ರಂದು ಶಾಲೆಗಳಲ್ಲಿ ರಾಮನ್ ಅವರ ಭಾವಚಿತ್ರಕ್ಕೆ ಹಾರ ಹಾಕಿ ವಿಜ್ಞಾನ ದಿನ ಆಚರಿಸುತ್ತೇವೆ. ಅವರ ಸಾಧನೆ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೂ ನಾನು ಹೇಳಿದೆ. ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗಿಯರಲ್ಲಿ ಕೆಲವರಿಗೆ ಹತ್ತನೆಯ ತರಗತಿಯೇ ಕೊನೆ ಎಂದು ಮನೆಯಲ್ಲಿ ಆಗಲೇ ಮಾತಾಗಿತ್ತು. ಬಾಗಿಲು ಮುಚ್ಚಿದವರು ಯಾರೇ ಆಗಿರಲಿ, ಅದನ್ನು ತಟ್ಟಿ ತೆಗೆಸಿದವರೊಬ್ಬರು ನಮ್ಮ ರಾಜ್ಯದಲ್ಲಿಯೇ ಇದ್ದರು ಎಂದು ಅವರಿಗೆ ತಿಳಿಯಬೇಕಿತ್ತು. ಮುಂದಿನದನ್ನೂ ಹೇಳಿದೆ. ಒಂದು ವರ್ಷದ ಕೆಲಸ ನೋಡಿ ರಾಮನ್ ತೃಪ್ತರಾದರು, ಕಮಲಾಗೆ ಪೂರ್ಣ ಅನುಮತಿ ಕೊಟ್ಟರು. 1940ರಲ್ಲಿ ಅಣ್ಣಾ ಮಾಣಿ ಅದೇ ರಾಮನ್ ಅವರ ಪ್ರಯೋಗಾಲಯಕ್ಕೆ ಸಂಶೋಧಕಿಯಾಗಿ ಸೇರಿದರು. ಸಾಕ್ಷಿ ಕಂಡಾಗ ಅಭಿಪ್ರಾಯ ಬದಲಿಸುವುದು ವಿಜ್ಞಾನದ ಗುಣ ಎಂಬ ಪಾಠವೂ ಈ ಘಟನೆಯಲ್ಲಿದೆ.

ಬೆಂಗಳೂರಿನಲ್ಲಿ ಕಮಲಾ ಅವರ ಗುರು ಎಂ. ಶ್ರೀನಿವಾಸಯ್ಯ. ಅವರ ಮಾರ್ಗದರ್ಶನದಲ್ಲಿ ಕಮಲಾ ಹಾಲಿನಲ್ಲಿರುವ ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳ ಅಧ್ಯಯನ ಮಾಡಿದರು. ಬಡವರ ತಟ್ಟೆಯಲ್ಲಿ ಪ್ರೋಟೀನು ಬರುವುದು ಬೇಳೆಯಿಂದ. ಆದರೂ ಅದರೊಳಗೆ ಏನಿದೆ ಎಂದು ಆ ಕಾಲದಲ್ಲಿ ವಿಂಗಡಿಸಿ ನೋಡಿದವರು ವಿರಳ. ಈ ಕೆಲಸಕ್ಕಾಗಿ 1936ರಲ್ಲಿ ಅವರಿಗೆ ಡಿಸ್ಟಿಂಕ್ಷನ್‌ನೊಂದಿಗೆ ಎಂ.ಎಸ್ಸಿ. ಪದವಿ ದೊರೆಯಿತು. ನಮ್ಮ ಜಿಲ್ಲೆಯನ್ನು ತೊಗರಿಯ ಕಣಜ ಎನ್ನುತ್ತೇವೆ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ತೊಗರಿ ಹೊಲದ ಮಕ್ಕಳಿಗೆ ಬೇಳೆಯ ವಿಜ್ಞಾನ ಹೇಳಲು ಇದಕ್ಕಿಂತ ಹತ್ತಿರದ ಕಥೆ ನನಗೆ ಸಿಗಲಿಲ್ಲ.

1937ರಲ್ಲಿ ಕಮಲಾ ಇಂಗ್ಲೆಂಡಿನ ಕೇಂಬ್ರಿಡ್ಜ್ ಸೇರಿದರು. ಅಲ್ಲಿ ಅವರು ಕೆಲಸ ಮಾಡಿದ್ದು ಸರ್ ಫ್ರೆಡರಿಕ್ ಹಾಪ್ಕಿನ್ಸ್ ಅವರ ಜೀವರಸಾಯನ ವಿಭಾಗದಲ್ಲಿ. ನಮ್ಮ ಪಾಠಕ್ಕೂ ಈ ವಿಭಾಗಕ್ಕೂ ನೇರ ಸಂಬಂಧವಿದೆ. ವಿಟಮಿನ್‌ಗಳ ಕುರಿತ ಕೆಲಸಕ್ಕೆ 1929ರಲ್ಲಿ ನೊಬೆಲ್ ಪಡೆದ ಹಾಪ್ಕಿನ್ಸ್, 1921ರಲ್ಲಿ ಗ್ಲುಟಾಥಯೋನ್ ಎಂಬ ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಹೆಸರಿಟ್ಟವರು. ನಮ್ಮ ಜೀವಕೋಶಗಳು ತಾವೇ ತಯಾರಿಸಿಕೊಳ್ಳುವ ಮುಖ್ಯ ಉತ್ಕರ್ಷಣ ನಿರೋಧಕ ಅದು. ಮುಂದೆ ವಿಟಮಿನ್ ಸಿ ಎಂದು ತಿಳಿದುಬಂದ ವಸ್ತುವನ್ನು ಆಲ್ಬರ್ಟ್ ಸೆಂಟ್ ಜಾರ್ಜಿ ಬೇರ್ಪಡಿಸಿದ್ದೂ 1920ರ ದಶಕದ ಕೊನೆಯಲ್ಲಿ ಅದೇ ಕೇಂಬ್ರಿಡ್ಜ್ ವಿಭಾಗದಲ್ಲಿ.

ಕಮಲಾ ಮೊದಲು ಡೆರೆಕ್ ರಿಕ್ಟರ್ ಅವರೊಂದಿಗೆ, ಅವರು ಬೇರೆಡೆಗೆ ಹೋದ ಮೇಲೆ ರಾಬಿನ್ ಹಿಲ್ ಅವರೊಂದಿಗೆ ಕೆಲಸ ಮಾಡಿದರು. ಆಲೂಗಡ್ಡೆಯ ಮೇಲೆ ಪ್ರಯೋಗ ಮಾಡುತ್ತಿದ್ದಾಗ ಸಸ್ಯದ ಜೀವಕೋಶಗಳಲ್ಲಿ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಇರುವುದನ್ನು ಅವರು ತೋರಿಸಿದರು. ಜೀವಕೋಶದ ಉಸಿರಾಟದಲ್ಲಿ ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳು ಕೈಯಿಂದ ಕೈಗೆ ದಾಟಿ ಕೊನೆಗೆ ಆಕ್ಸಿಜನ್ ಸೇರುತ್ತವೆ. ಆ ಸಾಲಿನಲ್ಲಿ ನಿಂತ ಒಂದು ಕೈ ಸೈಟೋಕ್ರೋಮ್ ಸಿ. ಪ್ರಾಣಿಗಳಂತೆ ಸಸ್ಯಗಳಲ್ಲಿಯೂ ಉತ್ಕರ್ಷಣ ಇದೇ ದಾರಿಯಲ್ಲಿ ನಡೆಯುತ್ತದೆ ಎಂಬುದಕ್ಕೆ ಇದು ಆಧಾರವಾಯಿತು. ಹದಿನಾಲ್ಕು ತಿಂಗಳಲ್ಲಿ, ಬರೀ 40 ಪುಟಗಳ ಪ್ರಬಂಧಕ್ಕೆ, 1939ರಲ್ಲಿ ಕೇಂಬ್ರಿಡ್ಜ್ ಅವರಿಗೆ ಪಿಎಚ್.ಡಿ. ಕೊಟ್ಟಿತು.

ಇಲ್ಲಿ ನಾನು ಕಥೆ ನಿಲ್ಲಿಸಿ ಕಪ್ಪು ಹಲಗೆಗೆ ಹೋದೆ. ಎಲೆಕ್ಟ್ರಾನ್‌ಗಳು ಸಾಲಿನಲ್ಲಿ ಸಾಗುವಾಗ ಕೆಲವು ನಡುವೆಯೇ ಸೋರಿ ಆಕ್ಸಿಜನ್‌ಗೆ ಅಂಟಿಕೊಳ್ಳುತ್ತವೆ. ಹೀಗೆ ಹುಟ್ಟುವ ಚುರುಕಾದ ಕಣಗಳು ಕೋಶದ ಪೊರೆ, ಪ್ರೋಟೀನು, ಡಿಎನ್‌ಎಗಳಿಗೆ ಹಾನಿ ಮಾಡಬಲ್ಲವು. ಅವನ್ನು ತಣಿಸಲು ದೇಹದಲ್ಲಿ ಗ್ಲುಟಾಥಯೋನ್ ಇದೆ, ಕ್ಯಾಟಲೇಸ್‌ನಂತಹ ಕಿಣ್ವಗಳಿವೆ. ಊಟದಿಂದ ಬರುವ ವಿಟಮಿನ್ ಸಿ ನೀರಿನಂಶವಿರುವ ಭಾಗದಲ್ಲಿ, ವಿಟಮಿನ್ ಇ ಕೊಬ್ಬಿನಂಶವಿರುವ ಪೊರೆಗಳಲ್ಲಿ ಕೆಲಸ ಮಾಡುತ್ತವೆ. ಪೇರಲ, ನೆಲ್ಲಿಕಾಯಿ, ನಿಂಬೆ, ಹಸಿರು ಸೊಪ್ಪುಗಳಿಂದ ಮೊದಲನೆಯದು. ಕುಸುಬಿ ಎಣ್ಣೆ, ಶೇಂಗಾದಿಂದ ಎರಡನೆಯದು. ಹೊರಗಿನಿಂದ ಕೊಂಡು ತರಬೇಕಾದ ಒಂದು ಹೆಸರೂ ಈ ಪಟ್ಟಿಯಲ್ಲಿಲ್ಲ ಎಂಬುದನ್ನು ಮಕ್ಕಳೇ ಗಮನಿಸಿದರು.

1939ರಲ್ಲಿಯೇ ಕಮಲಾ ತಾಯ್ನಾಡಿಗೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರಾಗಿ, ನಂತರ ನೀಲಗಿರಿಯ ಕೂನೂರಿನ ಪೋಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ಸಹಾಯಕ ನಿರ್ದೇಶಕಿಯಾಗಿ ವಿಟಮಿನ್‌ಗಳ ಮೇಲೆ ಕೆಲಸ ಮಾಡಿದರು. 1947ರಲ್ಲಿ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬಯಿಗೆ ಬಂದು, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ಪ್ರಾಧ್ಯಾಪಕಿಯಾದರು. ವಿದ್ಯಾರ್ಥಿಗಳೊಂದಿಗೆ ಮತ್ತೆ ಬೇಳೆಕಾಳುಗಳನ್ನು ಕೈಗೆತ್ತಿಕೊಂಡರು. ಹಸಿ ಕಾಳುಗಳಲ್ಲಿ ಪ್ರೋಟೀನು ಜೀರ್ಣವಾಗುವುದಕ್ಕೆ ಅಡ್ಡಿಯಾಗುವ ಟ್ರಿಪ್ಸಿನ್ ನಿರೋಧಕಗಳನ್ನು ಅವರ ತಂಡ ಅಧ್ಯಯನ ಮಾಡಿತು. ಕಾಳನ್ನು ನೆನೆಸಿ ಚೆನ್ನಾಗಿ ಬೇಯಿಸಿದರೆ ಈ ಅಡ್ಡಿ ಬಹಳಷ್ಟು ತಗ್ಗುತ್ತದೆ.

ಅವರಿಗೆ ಹೆಚ್ಚು ಹೆಸರು ತಂದದ್ದು ನೀರಾ ಕುರಿತ ಸಂಶೋಧನೆ. ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದರ ಸಲಹೆಯಂತೆ ಅವರು ಇದನ್ನು ಆರಂಭಿಸಿದರು. ನೀರಾದಲ್ಲಿ ವಿಟಮಿನ್ ಎ, ವಿಟಮಿನ್ ಸಿ ಹಾಗೂ ಕಬ್ಬಿಣದ ಅಂಶ ಇರುವುದನ್ನು, ಅದರಿಂದ ಮಾಡಿದ ಬೆಲ್ಲದಲ್ಲಿಯೂ ಅವು ಉಳಿಯುವುದನ್ನು ಅವರ ತಂಡ ಕಂಡುಕೊಂಡಿತು. ಪೌಷ್ಟಿಕತೆ ಕಡಿಮೆ ಇದ್ದ ಬುಡಕಟ್ಟು ಸಮುದಾಯದ ಹದಿಹರೆಯದವರಿಗೂ ಗರ್ಭಿಣಿಯರಿಗೂ ನೀರಾ ಕೊಟ್ಟು ನೋಡಿದಾಗ ಅವರ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ದೊರೆಯಿತು. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನಲ್ಲಿ ನಗು ಹರಡಿತು. ನಮ್ಮ ಕಡೆಯ ಮಕ್ಕಳಿಗೆ ಈಚಲು ಮರವೆಂದರೆ ನೆನಪಾಗುವುದು ಶಿಂದಿ. ನಗುವನ್ನು ತಡೆಯದೆ ಅದನ್ನೇ ಪಾಠ ಮಾಡಿಕೊಂಡೆ. ಹೊತ್ತು ಏರುವ ಮೊದಲು ಇಳಿಸಿದ, ಸುಣ್ಣ ಸವರಿದ ಮಡಕೆಯ ಸಿಹಿ ರಸ ನೀರಾ. ಹಾಗೆಯೇ ಬಿಟ್ಟರೆ ಯೀಸ್ಟ್ ಸೇರಿ ಹುದುಗಿ ಶಿಂದಿಯಾಗುತ್ತದೆ. ಒಂದೇ ಮರದ ರಸ ಪೋಷಣೆಯಾಗುವುದೂ ಅಮಲಾಗುವುದೂ ನಡುವಿನ ರಾಸಾಯನಿಕ ಕ್ರಿಯೆಯಿಂದ.

ಮರುದಿನ ಒಂದು ಸರಳ ಪರೀಕ್ಷೆ ಮಾಡಿಸಿದೆ. ಅನ್ನದ ಗಂಜಿಯ ತಿಳಿಯನ್ನು ಹಣ್ಣಿನ ರಸಕ್ಕೆ ಸೇರಿಸಿ, ಔಷಧ ಅಂಗಡಿಯ ಟಿಂಕ್ಚರ್ ಅಯೋಡಿನ್ನನ್ನು ನೀರಿನಲ್ಲಿ ತಿಳಿ ಮಾಡಿ ಹನಿಹನಿಯಾಗಿ ಹಾಕುವುದು. ವಿಟಮಿನ್ ಸಿ ಇರುವವರೆಗೆ ನೀಲಿ ಬಣ್ಣ ನಿಲ್ಲುವುದಿಲ್ಲ. ವಿಟಮಿನ್ ತಾನು ಉತ್ಕರ್ಷಣಗೊಂಡು ಅಯೋಡಿನ್ನನ್ನು ಅಪಕರ್ಷಿಸುತ್ತದೆ. ಅದು ಮುಗಿದ ಮೇಲೆ ಬೀಳುವ ಹನಿಯಿಂದ ನೀಲಿ ನಿಲ್ಲುತ್ತದೆ. ಅಷ್ಟೇ ಅಳತೆಯ ರಸಗಳಲ್ಲಿ ಪೇರಲದ ರಸ ನಿಂಬೆಯದಕ್ಕಿಂತ ಹೆಚ್ಚು ಹನಿ ಬೇಡಿತು, ಬಹಳ ಹೊತ್ತು ಕುದಿಸಿದ ನಿಂಬೆ ರಸ ಹಸಿ ರಸಕ್ಕಿಂತ ಕಡಿಮೆ ಬೇಡಿತು. ಉತ್ಕರ್ಷಣ ನಿರೋಧಕ ಎಂಬ ಪದದ ಅರ್ಥ ವ್ಯಾಖ್ಯೆಗಿಂತ ಮೊದಲು ಕಣ್ಣಿಗೆ ಕಂಡಿತು. ರಸದಲ್ಲಿನ ಬೇರೆ ಕೆಲವು ವಸ್ತುಗಳೂ ಅಯೋಡಿನ್ನಿನೊಂದಿಗೆ ಹೀಗೇ ವರ್ತಿಸುವುದರಿಂದ ಇದು ಹೋಲಿಕೆಗೆ ಮಾತ್ರ ಎಂಬುದನ್ನೂ ಹಲಗೆಯ ಮೇಲೆ ಬರೆಸಿದೆ.

ಒಬ್ಬ ಹುಡುಗ ರಕ್ತ ಪರೀಕ್ಷೆ ಮಾಡಿಸಿ ದೇಹದಲ್ಲಿ ಇದು ಎಷ್ಟಿದೆ ಎಂದು ತಿಳಿಯಬಹುದೇ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ರಕ್ತದಲ್ಲಿ ವಿಟಮಿನ್ ಸಿ ಅಳೆಯಬಹುದು. ಪ್ಲಾಸ್ಮಾದ ಪ್ರತಿ ಲೀಟರಿಗೆ 11 ಮೈಕ್ರೋಮೋಲ್‌ಗಿಂತ ಕಡಿಮೆ ಇದ್ದರೆ ಅದು ಕೊರತೆ. ಆದರೆ ಒಟ್ಟು ಉತ್ಕರ್ಷಣ ನಿರೋಧಕ ಸಾಮರ್ಥ್ಯ ಎಂದು ಒಂದೇ ಅಂಕೆ ಕೊಡುವ ಪರೀಕ್ಷೆಗಳಿಂದ ಆರೋಗ್ಯವನ್ನು ನಿರ್ಧರಿಸಲಾಗದು. ಆ ಅಂಕೆಯಲ್ಲಿ ಯೂರಿಕ್ ಆಮ್ಲದ ಪಾಲು ದೊಡ್ಡದು. ಯೂರಿಕ್ ಆಮ್ಲ ಏರಿದರೂ ಅಂಕೆ ಏರುತ್ತದೆ. ಮಾತ್ರೆಗಳೂ ಹಾಗೆಯೇ. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ನಡೆದ, 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚು ಕಂಡಿತು. ಸಹಜ ಊಟದಿಂದ ಅಂತಹ ಭಯವಿಲ್ಲ. ಐಸಿಎಂಆರ್ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 65 ಮಿ.ಗ್ರಾಂ, ಪುರುಷನಿಗೆ 80 ಮಿ.ಗ್ರಾಂ ವಿಟಮಿನ್ ಸಿ ಸಾಕು. 100 ಗ್ರಾಂ ಪೇರಲದಲ್ಲಿ ಇದಕ್ಕಿಂತ ಹೆಚ್ಚೇ ಇರುತ್ತದೆ. ರೊಟ್ಟಿ, ಪುಂಡಿಪಲ್ಯ, ಬೇಳೆಯ ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಅದರಲ್ಲಿನ ಕಬ್ಬಿಣದ ಅಂಶವನ್ನೂ ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ರಕ್ತಹೀನತೆಯ ಮಾತ್ರೆ ಪಡೆಯುವ ಹುಡುಗಿಯರಿಗೆ ಈ ಮಾತು ಬಹಳ ಬೇಕು.

ಮುಂಬಯಿಯಲ್ಲಿ ಕಮಲಾ ಆರೆ ಹಾಲು ಯೋಜನೆಗೆ ಸಲಹೆಗಾರರಾಗಿದ್ದರು. ವಿಜ್ಞಾನ ಸಂಸ್ಥೆಯ ನಿರ್ದೇಶಕಿಯ ಹುದ್ದೆ ಅವರಿಗೆ ನ್ಯಾಯವಾಗಿ ಸಿಗಬೇಕಾದಾಗ ಸಿಗಲಿಲ್ಲ, ನಾಲ್ಕು ವರ್ಷ ತಡವಾಗಿ ಬಂತು. ಪ್ರಯೋಗಾಲಯದ ಹೊರಗೂ ಅವರು ಸುಮ್ಮನಿರಲಿಲ್ಲ. 1966ರಲ್ಲಿ ಒಂಬತ್ತು ಮಹಿಳೆಯರು ಕಟ್ಟಿದ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ದುಡಿದು, 1982-83ರಲ್ಲಿ ಅದರ ಅಧ್ಯಕ್ಷೆಯಾದರು. ಅದರ ಪತ್ರಿಕೆಯಲ್ಲಿ ಗ್ರಾಹಕರ ಸುರಕ್ಷತೆಯ ಬಗ್ಗೆ ಬರೆದರು.

1998ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೆಹಲಿಯಲ್ಲಿ ಅವರಿಗೆ ಸನ್ಮಾನ ಏರ್ಪಡಿಸಿತು. ಮರೆತುಹೋಗಿದ್ದ ಈ ಹಿರಿಯರನ್ನು ಗುರುತಿಸಿ ಕರೆಸಿದವರು ಮಂಡಳಿಯ ಚುಕ್ಕಾಣಿ ಹಿಡಿದ ಮೊದಲ ಮಹಿಳೆ ಡಾ. ಜಿ.ವಿ. ಸತ್ಯವತಿ. ಸನ್ಮಾನದ ವೇಳೆಯಲ್ಲಿಯೇ ಕಮಲಾ ಕುಸಿದರು. ಕೆಲವೇ ದಿನಗಳಲ್ಲಿ, ಜೂನ್ 28ರಂದು, 87ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಪ್ರಶಿಕ್ಷಣಾರ್ಥಿ ಮಿತ್ರರಲ್ಲಿ ನನ್ನ ವಿನಂತಿ ಎರಡು. ಒಂದು, ಉತ್ಕರ್ಷಣದ ಪಾಠ ಯೋಜನೆಯಲ್ಲಿ ತುಕ್ಕು ಮೊಳೆಯ ಜೊತೆಗೆ ಪೇರಲ, ಗಂಜಿ, ಅಯೋಡಿನ್ನಿಗೂ ಒಂದು ಅವಧಿ ಇಡಿ; ಖರ್ಚು ಬಹಳ ಕಡಿಮೆ. ಎರಡು, ಹನಿ ಎಣಿಸುವ ಡ್ರಾಪರನ್ನು ಮೊದಲು ಹುಡುಗಿಯರ ಕೈಗೆ ಕೊಡಿ. ಕಮಲಾ ಅವರು ಬೆಂಗಳೂರಿನಲ್ಲಿ ಸತ್ಯಾಗ್ರಹ ಕೂತು ಪಡೆದದ್ದನ್ನು ನಮ್ಮ ಶಾಲೆಯ ಹುಡುಗಿಯರು ಕೇಳಿ ಪಡೆಯಬೇಕಾಗಿ ಬರಬಾರದು.