ಓಟದ ಗುರು ಬಡ್ ವಿಂಟರ್

ವೇಗಕ್ಕೆ ಮೂಲ ಬಲವೆಂಬುದು ನಮ್ಮೆಲ್ಲರ ಸಹಜವಾದ ನಂಬಿಕೆ. ಮುಷ್ಟಿಯನ್ನು ಬಿಗಿದು, ಹಲ್ಲನ್ನು ಕಚ್ಚಿ, ಕತ್ತಿನ ನರಗಳು ಉಬ್ಬುವಂತೆ ಓಡುತ್ತಿರುವ ತರುಣನನ್ನು ಕಂಡಾಗ, ಇವನು ತನ್ನಲ್ಲಿರುವುದನ್ನೆಲ್ಲ ಪಣಕ್ಕೊಡ್ಡಿದ್ದಾನೆಂದು ಮೆಚ್ಚಿಕೊಳ್ಳುತ್ತೇವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಒಂದು ಕಾಲೇಜಿನಲ್ಲಿ ಸುಮಾರು ಮೂವತ್ತು ವರ್ಷಗಳ ಕಾಲ ಓಟವನ್ನು ಕಲಿಸಿದ ಒಬ್ಬ ಅಧ್ಯಾಪಕರು ಈ ನಂಬಿಕೆಯನ್ನು ಬುಡಮೇಲು ಮಾಡಿದರು. ಬಿಗುವೇ ವೇಗದ ವೈರಿ. ಸಡಿಲವಾದ ದೇಹವೇ ಶೀಘ್ರವಾಗಿ ಓಡಬಲ್ಲುದು ಎಂಬುದು ಅವರ ಸಿದ್ಧಾಂತ. ಅವರ ಹೆಸರು ಲಾಯ್ಡ್ ವಿಂಟರ್. ಶಿಷ್ಯರಿಗೂ ಕ್ರೀಡಾಲೋಕಕ್ಕೂ ಅವರು ಬಡ್ ವಿಂಟರ್ ಎಂದೇ ಪರಿಚಿತರು.

ವಿಂಟರ್ ಹುಟ್ಟಿದ್ದು 1909ರಲ್ಲಿ. ದೊಡ್ಡ ವಿಶ್ವವಿದ್ಯಾನಿಲಯಗಳ ವೈಭವ ಅವರಿಗೆ ಆರಂಭದಲ್ಲಿ ದೊರೆಯಲಿಲ್ಲ. ಬಹುಶಃ ಅವರು ಅದನ್ನು ಅರಸಲೂ ಇಲ್ಲ. ಸಲೀನಾಸ್ ಎಂಬ ಊರಿನ ಕಿರಿಯ ಕಾಲೇಜಿನಲ್ಲಿ ಅವರ ಕೈಗೆ ಸಿಕ್ಕ ಹುಡುಗ ಹ್ಯಾಲ್ ಡೇವಿಸ್. ಓಟದ ಆರಂಭದಲ್ಲಿ ಹಿಂದುಳಿದು, ಅನಂತರ ಎಲ್ಲರನ್ನೂ ದಾಟಿಹೋಗುವುದು ಈತನ ರೀತಿ. ಜೆಸ್ಸಿ ಓವೆನ್ಸ್ ಸ್ಥಾಪಿಸಿದ್ದ ನೂರು ಮೀಟರ್ ಓಟದ 10.2 ಸೆಕೆಂಡುಗಳ ದಾಖಲೆಯನ್ನು 1941ರಲ್ಲಿ ಡೇವಿಸ್ ಸರಿಗಟ್ಟಿದ. ಆದರೆ ಯುದ್ಧದ ಕಾರಣದಿಂದ 1940 ಮತ್ತು 1944ರ ಒಲಿಂಪಿಕ್ ಕ್ರೀಡೆಗಳು ನಡೆಯಲೇ ಇಲ್ಲ. ಕಾಲವು ಒಬ್ಬನ ಪ್ರತಿಭೆಯನ್ನು ಎಷ್ಟು ನಿರ್ದಾಕ್ಷಿಣ್ಯವಾಗಿ ದಾಟಿಹೋಗಬಲ್ಲುದೆಂಬುದನ್ನು ವಿಂಟರ್ ವೃತ್ತಿಯ ಮೊದಲಲ್ಲೇ ಕಂಡರು. ಅಷ್ಟರಲ್ಲಿ ಅವರು ಸ್ಯಾನ್ ಹೋಸೆ ಸ್ಟೇಟ್ ಕಾಲೇಜನ್ನು ಸೇರಿದ್ದರು.

ಯುದ್ಧ ಅವರನ್ನೂ ಬಿಡಲಿಲ್ಲ. ನೌಕಾದಳದ ವಿಮಾನ ಚಾಲಕರನ್ನು ಸಿದ್ಧಗೊಳಿಸುತ್ತಿದ್ದ ಡೆಲ್ ಮಾಂಟೆ ಶಾಲೆಯಲ್ಲಿ ಅವರಿಗೆ ಕೆಲಸ ದೊರೆಯಿತು. ತರುಣ ಚಾಲಕರು ನಿದ್ರೆಗೆಟ್ಟು, ಭಯದಿಂದ ಸೆಟೆದು, ಮಾಡಬಾರದ ತಪ್ಪುಗಳನ್ನು ಮಾಡುತ್ತಿದ್ದ ದಿನಗಳವು. ಅಂಥವರಿಗೆ ಧೈರ್ಯದ ಉಪದೇಶವನ್ನು ಮಾಡಿ ಫಲವೇನು? ಹಣೆ, ದವಡೆ, ನಾಲಗೆ, ಭುಜ, ತೋಳು, ಕಾಲುಗಳನ್ನು ಒಂದೊಂದಾಗಿ ಸಡಿಲಿಸಿ, ಕೊನೆಗೆ ಮನಸ್ಸನ್ನೂ ನಿಶ್ಚಲಗೊಳಿಸುವ ಒಂದು ಕ್ರಮವನ್ನು ವಿಂಟರ್ ರೂಪಿಸಿದರು. ಗದ್ದಲದ ನಡುವೆಯೂ ಎರಡು ನಿಮಿಷಗಳಲ್ಲಿ ನಿದ್ರೆಹೋಗಲು ಈ ತರುಣರು ಕಲಿತರೆಂದು ಅವರು ಮುಂದೆ ಬರೆದಿದ್ದಾರೆ. ಭಯ ಮೊದಲು ಹಿಡಿಯುವುದು ಸ್ನಾಯುವನ್ನು. ಸ್ನಾಯುವನ್ನು ಬಿಡಿಸಿದರೆ ಭಯದ ಹಿಡಿತವೂ ಸಡಿಲುತ್ತದೆ ಎಂಬ ಅರಿವಿನೊಡನೆ ಅವರು ಯುದ್ಧಾನಂತರ ಕಾಲೇಜಿನ ಅಂಗಳಕ್ಕೆ ಮರಳಿದರು.

ಈ ಸಿದ್ಧಾಂತದಲ್ಲಿ ಮಾಯಮಂತ್ರವೇನೂ ಇರಲಿಲ್ಲ. ಓಡುವವನ ತೊಡೆಯಲ್ಲಿ ಒಂದು ಸ್ನಾಯು ಸಂಕೋಚಗೊಳ್ಳುವಾಗ ಅದರ ಎದುರು ಸ್ನಾಯು ಬಿಟ್ಟುಕೊಡಬೇಕು. ಸರ್ವಾಂಗವನ್ನೂ ಬಿಗಿಹಿಡಿದವನಲ್ಲಿ ಇವೆರಡೂ ಒಂದನ್ನೊಂದು ಜಗ್ಗುತ್ತವೆ. ತನ್ನ ದೇಹವೇ ತನಗೆ ಹಗ್ಗವಾಗುತ್ತದೆ. ಆದ್ದರಿಂದಲೇ ವಿಂಟರ್ ಓಟಗಾರನ ಕಾಲನ್ನು ನೋಡುವುದಕ್ಕೆ ಮುಂಚೆ ಅವನ ದವಡೆಯನ್ನೂ ಕೈಗಳನ್ನೂ ನೋಡುತ್ತಿದ್ದರು. ದವಡೆ ಜೋಲುತ್ತಿರಬೇಕು, ಬೆರಳುಗಳು ಅಯತ್ನವಾಗಿರಬೇಕು, ಮಂಡಿ ಎತ್ತರಕ್ಕೆ ಏಳಬೇಕು, ಮೈ ನೆಟ್ಟಗಿರಬೇಕು. ಸಂದೇಹಪಡುವ ಶಿಷ್ಯರಿಗೆ ಅವರು ಪ್ರಯೋಗವನ್ನೇ ತೋರಿಸುತ್ತಿದ್ದರು. ಒಂದೇ ದೂರವನ್ನು ಮೊದಲು ಸಂಪೂರ್ಣ ಬಲದಿಂದಲೂ, ಅನಂತರ ಹತ್ತರಲ್ಲಿ ಒಂಬತ್ತು ಪಾಲು ಪ್ರಯತ್ನದಿಂದಲೂ ಓಡಿಸುವರು. ಎರಡನೆಯ ಓಟವೇ ವೇಗವಾದುದೆಂದು ಗಡಿಯಾರ ಹೇಳುವುದು. ತಂತಿಯನ್ನು ಅತಿಯಾಗಿ ಬಿಗಿದ ವೀಣೆಯಲ್ಲಿ ನಾದ ಹುಟ್ಟದೆಂಬುದನ್ನು ಬಲ್ಲ ನಮಗೆ ಇದು ತೀರ ಹೊಸ ಮಾತೇನಲ್ಲ.

ಒಬ್ಬನೇ ಓಡುವಾಗ ಬೇಕಾದ ಈ ನಿರಾಳತೆ ರಿಲೇ ಓಟದಲ್ಲಿ ಇನ್ನಷ್ಟು ಬೇಕು. ನಾಲ್ವರ ನೂರು ಮೀಟರ್ ರಿಲೇಯಲ್ಲಿ ಕೋಲನ್ನು ಪಡೆಯುವವನು ಹಿಂದಕ್ಕೆ ನೋಡುವುದಿಲ್ಲ. ಪೂರ್ಣವೇಗಕ್ಕೆ ಏರುತ್ತಲೇ ಬರಿಗೈಯನ್ನು ಹಿಂದಕ್ಕೆ ಚಾಚಿ, ಬರುವವನನ್ನು ನಂಬಿ ಓಡುತ್ತಾನೆ. ಗೊತ್ತುಪಡಿಸಿದ ಗೆರೆಗಳ ನಡುವೆಯೇ ಕೋಲು ಕೈ ಬದಲಿಸಬೇಕು; ವಿಂಟರ್ ಅವರ ಕಾಲದಲ್ಲಿ ಆ ಅಂತರ ಇಪ್ಪತ್ತು ಮೀಟರುಗಳಾಗಿತ್ತು. ಒಂದು ಹೆಜ್ಜೆ ಆತುರಪಟ್ಟರೆ ನಾಲ್ವರ ಶ್ರಮವೂ ವ್ಯರ್ಥ.

ಈ ಮಾತಿನ ಕ್ರೂರವಾದ ನಿದರ್ಶನ ವಿಂಟರ್ ಅವರ ಪಾಲಿಗೇ ಬಂದಿತು. ಅವರ ಶಿಷ್ಯ ರೇ ನಾರ್ಟನ್ 1959ರಲ್ಲಿ ನೂರು ಮೀಟರಿನ ವಿಶ್ವದಾಖಲೆಯನ್ನು ಸರಿಗಟ್ಟಿ, ಅದೇ ವರ್ಷ ಷಿಕಾಗೋದ ಪ್ಯಾನ್ ಅಮೆರಿಕನ್ ಕ್ರೀಡೆಗಳಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದಿದ್ದ. 1960ರ ರೋಮ್ ಒಲಿಂಪಿಕ್ಸಿನಲ್ಲಿಯೂ ಅವನೇ ವೀರನೆಂದು ಎಲ್ಲರೂ ಭಾವಿಸಿದ್ದರು. ನಮ್ಮ ಮಿಲ್ಖಾ ಸಿಂಗ್ ನಾನೂರು ಮೀಟರಿನಲ್ಲಿ ನಾಲ್ಕನೆಯವರಾಗಿ ಪದಕದಿಂದ ವಂಚಿತರಾದುದೂ ಅದೇ ಕ್ರೀಡೆಗಳಲ್ಲಿಯೇ. ನೂರು ಮೀಟರಿನ ಅಂತಿಮ ಓಟದಲ್ಲಿ ನಾರ್ಟನ್ ಕಟ್ಟಕಡೆಯವನಾದ. ಇನ್ನೂರು ಮೀಟರಿನಲ್ಲಿಯೂ ಅದೇ ಗತಿ. ಉಳಿದಿದ್ದುದು ರಿಲೇ. 1920ರಿಂದ ಅಮೆರಿಕ ಅದನ್ನು ಒಮ್ಮೆಯೂ ಸೋತಿರಲಿಲ್ಲ. ಫ್ರಾಂಕ್ ಬಡ್ ಎಂಬವನಿಂದ ಕೋಲನ್ನು ಪಡೆಯಬೇಕಾಗಿದ್ದ ನಾರ್ಟನ್ ಮೊದಲೇ ಹೊರಟುಬಿಟ್ಟ. ಕೋಲು ಕೈಗೆ ಸಿಕ್ಕಿದ್ದು ಗೆರೆಯ ಆಚೆ. ಅಮೆರಿಕದ ತಂಡ ಮೊದಲು ಗುರಿ ಮುಟ್ಟಿತಾದರೂ ಅನರ್ಹಗೊಂಡಿತು; ಚಿನ್ನ ಜರ್ಮನಿಯ ಪಾಲಾಯಿತು.

ಸಡಿಲಿಕೆಯ ಆಚಾರ್ಯರೆನಿಸಿದವರ ಶ್ರೇಷ್ಠ ಶಿಷ್ಯನೇ ಲೋಕವೆಲ್ಲ ನೋಡುತ್ತಿರುವಾಗ ಆತುರಕ್ಕೆ ತುತ್ತಾದುದನ್ನು ಹೇಗೆ ಅರ್ಥೈಸಬೇಕು? ಸಿದ್ಧಾಂತವೇ ಪೊಳ್ಳೆಂದು ತೀರ್ಮಾನಿಸುವುದು ಸುಲಭ. ಆದರೆ ಗುರು ಕಲಿಸಿದ ವಿದ್ಯೆ ತಾಯಿತವಲ್ಲ. ಕಟ್ಟಿಕೊಂಡ ಮಾತ್ರಕ್ಕೆ ಅದು ಕಾಯದು. ಪ್ರತಿಯೊಬ್ಬ ಶಿಷ್ಯನೂ ತನ್ನ ಭಯದ ಎದುರಿನಲ್ಲಿ ಅದನ್ನು ಹೊಸದಾಗಿ ಸಂಪಾದಿಸಬೇಕು. ವಿಂಟರ್ ತಮ್ಮ ಪಾಠವನ್ನು ಬದಲಿಸಲಿಲ್ಲ.

ಅರವತ್ತರ ದಶಕದಲ್ಲಿ ಆ ಪಾಠಕ್ಕೆ ತಕ್ಕ ಶಿಷ್ಯರು ದೊರೆತರು. ಟಾಮಿ ಸ್ಮಿತ್ 1966ರಲ್ಲಿ ನೇರ ಪಥದ 220 ಗಜಗಳನ್ನು 19.5 ಸೆಕೆಂಡುಗಳಲ್ಲಿ ಓಡಿದ. 1967ರಲ್ಲಿ ಅವನೂ ಲೀ ಇವಾನ್ಸನೂ ಇದ್ದ ಕಾಲೇಜಿನ ನಾಲ್ವರ ತಂಡ, ತಲಾ 220 ಗಜಗಳ ರಿಲೇಯನ್ನು ಒಂದು ನಿಮಿಷ 22.1 ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆಯನ್ನು ಸ್ಥಾಪಿಸಿತು. ಸ್ಯಾನ್ ಹೋಸೆಗೆ ಸ್ಪೀಡ್ ಸಿಟಿ, ಎಂದರೆ ವೇಗನಗರಿ, ಎಂಬ ಬಿರುದು ಬಂದಿತು. ಆದರೆ ಈ ವೇಗನಗರಿ ತನ್ನ ಕೀರ್ತಿಯನ್ನು ಬೆಳಗಿಸಿದ ಕಪ್ಪು ವರ್ಣದ ತರುಣರಿಗೆ ಬಾಡಿಗೆಯ ಕೊಠಡಿಯನ್ನು ಕೊಡಲು ಹಿಂಜರಿಯುತ್ತಿತ್ತು. ಇದೇ ಕಾಲೇಜಿನಲ್ಲಿ ಹಿಂದೆ ಚಕ್ರ ಎಸೆಯುತ್ತಿದ್ದು, ಆಗ ಅಲ್ಲಿಯೇ ಸಮಾಜಶಾಸ್ತ್ರವನ್ನು ಬೋಧಿಸುತ್ತಿದ್ದ ಹ್ಯಾರಿ ಎಡ್ವರ್ಡ್ಸ್, 1967ರಲ್ಲಿ ಕ್ರೀಡಾಪಟುಗಳ ಮಾನವಹಕ್ಕಿನ ಚಳವಳಿಯನ್ನು ಕಟ್ಟಿದರು.

1968ರ ಅಕ್ಟೋಬರಿನಲ್ಲಿ ಮೆಕ್ಸಿಕೋ ನಗರದಲ್ಲಿ ನಡೆದುದನ್ನು ಬಲ್ಲವರು ಅನೇಕರು. ಇನ್ನೂರು ಮೀಟರಿನ ಉಪಾಂತ್ಯದಲ್ಲಿ ಸ್ಮಿತ್‌ನ ತೊಡೆಸಂದಿನ ಸ್ನಾಯು ಉಳುಕಿತು. ಅಂಥವನು ಅಂತಿಮ ಓಟದಲ್ಲಿ ಒಂದು ಸಲ ಮೈ ಬಿಗಿದಿದ್ದರೂ ಅಲ್ಲಿಯೇ ಕುಸಿಯುತ್ತಿದ್ದ. ಬದಲಾಗಿ, ಗುರಿಗೆ ಇನ್ನೂ ಕೆಲವು ಹೆಜ್ಜೆಗಳಿರುವಾಗಲೇ ಎರಡು ತೋಳುಗಳನ್ನೂ ಮೇಲೆತ್ತಿ 19.83 ಸೆಕೆಂಡುಗಳಲ್ಲಿ ಗೆದ್ದ. ಸ್ಯಾನ್ ಹೋಸೆಯ ಇನ್ನೊಬ್ಬ ತರುಣ ಜಾನ್ ಕಾರ್ಲೋಸ್ ಮೂರನೆಯವನಾದ. ಪದಕ ಪ್ರದಾನದ ವೇಳೆ ಇಬ್ಬರೂ ತಲೆ ಬಾಗಿ, ಕಪ್ಪು ಕೈಚೀಲ ತೊಟ್ಟ ಮುಷ್ಟಿಯನ್ನೆತ್ತಿ ನಿಂತರು; ಅದರ ಫಲವಾಗಿ ತಂಡದಿಂದ ಹೊರದೂಡಲ್ಪಟ್ಟರು. ಮನನೊಂದ ಇವಾನ್ಸ್ ತಾನೂ ಓಡುವುದಿಲ್ಲವೆಂದು ಹೊರಟಿದ್ದ. ಗೆಳೆಯರು ಒತ್ತಾಯಿಸಿದ ಮೇಲೆ ಕಣಕ್ಕಿಳಿದು, ನಾನೂರು ಮೀಟರನ್ನು 43.86 ಸೆಕೆಂಡುಗಳಲ್ಲಿ ಓಡಿದ. ನಾಲ್ವರ ನಾನೂರು ಮೀಟರ್ ರಿಲೇಯ ಕೊನೆಯ ಸುತ್ತನ್ನು ಓಡಿ ಎರಡನೆಯ ಚಿನ್ನವನ್ನು ಗಳಿಸಿದವನೂ ಇವಾನ್ಸನೇ. ನೂರು ಮೀಟರ್ ರಿಲೇಯಲ್ಲಿ ಗೆದ್ದ ತಂಡದಲ್ಲಿದ್ದ ರಾನಿ ರೇ ಸ್ಮಿತ್ ಸಹ ವಿಂಟರ್ ಶಿಷ್ಯನೇ. ರೋಮಿನಲ್ಲಿ ಜಾರಿದ ಕೋಲು ಮೆಕ್ಸಿಕೋದಲ್ಲಿ ಜಾರಲಿಲ್ಲ.

ಆ ಪ್ರತಿಭಟನೆಯ ಯಶಸ್ಸನ್ನಾಗಲಿ ಹೊಣೆಯನ್ನಾಗಲಿ ಗುರುವಿನ ಲೆಕ್ಕಕ್ಕೆ ಹಾಕುವುದು ತರವಲ್ಲ. ಅದು ಆ ತರುಣರದೇ ಸಂಕಲ್ಪ, ಅದಕ್ಕೆ ಬೆಲೆ ತೆತ್ತವರೂ ಅವರೇ. ಆದರೆ ಲೋಕದ ಕೋಪ ಮೈಮೇಲೆ ಬಿದ್ದಿರುವಾಗಲೂ ದವಡೆ ಬಿಗಿಯದೆ ಓಡಬಲ್ಲ ವಿದ್ಯೆಯನ್ನು ಇವಾನ್ಸ್ ಕಲಿತದ್ದು ಯಾವ ಅಂಗಳದಲ್ಲೆಂಬುದನ್ನೂ ಮರೆಯಲಾಗದು. ಮರುವರ್ಷ, 1969ರಲ್ಲಿ, ಕಾರ್ಲೋಸ್ ನೂರು ಗಜ, 220 ಗಜ ಮತ್ತು ರಿಲೇ ಮೂರರಲ್ಲೂ ಗೆದ್ದು ಅಖಿಲ ಅಮೆರಿಕ ಕಾಲೇಜುಗಳ ಪ್ರಶಸ್ತಿಯನ್ನು ಸ್ಯಾನ್ ಹೋಸೆಗೆ ತಂದುಕೊಟ್ಟ. ಅಲ್ಲಿಯತನಕ ಆ ಪ್ರಶಸ್ತಿ ವಿಂಟರ್ ಅವರಿಗೆ ದಕ್ಕಿರಲಿಲ್ಲ. 1970ರಲ್ಲಿ ಅವರು ನಿವೃತ್ತರಾದರು. ಅವರಲ್ಲಿ ಕಲಿತವರ ಪೈಕಿ 27 ಮಂದಿ ಒಲಿಂಪಿಕ್ ಕ್ರೀಡೆಗಳನ್ನು ಕಂಡಿದ್ದರು. ತಮ್ಮ ಅನುಭವವನ್ನೆಲ್ಲ ರಿಲ್ಯಾಕ್ಸ್ ಅಂಡ್ ವಿನ್ ಎಂಬ ಪುಸ್ತಕದಲ್ಲಿ 1981ರಲ್ಲಿ ಪ್ರಕಟಿಸಿ, 1985ರಲ್ಲಿ ಅವರು ತೀರಿಕೊಂಡರು.

ಸಂಸ್ಥೆಗಳ ನೆನಪು ಬಹು ಕಾಲ ಉಳಿಯುವುದಿಲ್ಲ. ವಿಂಟರ್ ಗತಿಸಿದ ಮೂರೇ ವರ್ಷಗಳಲ್ಲಿ, 1988ರಲ್ಲಿ, ಸ್ಯಾನ್ ಹೋಸೆಯ ವಿದ್ಯಾಸಂಸ್ಥೆ ಓಟದ ತಂಡವನ್ನೇ ರದ್ದುಮಾಡಿತು. ಇವಾನ್ಸನ ನಾನೂರು ಮೀಟರಿನ ದಾಖಲೆ ಮುರಿದದ್ದೂ ಅದೇ ವರ್ಷ. ಸ್ಮಿತ್ ಮತ್ತು ಕಾರ್ಲೋಸರ ಪ್ರತಿಮೆಗಳು 2005ರಲ್ಲಿ ಅಲ್ಲಿ ನಿಂತವಾದರೂ, ತಂಡವನ್ನು ಪುನಃ ಕಟ್ಟುವ ನಿರ್ಧಾರಕ್ಕೆ 2016ರವರೆಗೆ ಕಾಯಬೇಕಾಯಿತು.

ಆ ನಡುವೆ ಪಾಠ ಬೇರೊಂದು ನೆಲದಲ್ಲಿ ಬೇರುಬಿಟ್ಟಿತ್ತು. ವಿಂಟರ್ ಅವರಲ್ಲಿ ಕಲಿತು 1961ರಲ್ಲಿ ನೂರು ಗಜಗಳ ವಿಶ್ವದಾಖಲೆಯನ್ನು ಸರಿಗಟ್ಟಿದ ಜಮೈಕದ ಡೆನಿಸ್ ಜಾನ್ಸನ್ ಎಂಬಾತ ಸ್ವದೇಶಕ್ಕೆ ಮರಳಿ, ಕಿಂಗ್‌ಸ್ಟನ್ನಿನ ತಾಂತ್ರಿಕ ಕಾಲೇಜಿನಲ್ಲಿ ಓಟದ ತರಬೇತಿಯನ್ನು ಆರಂಭಿಸಿದರು. ಓಡಬಲ್ಲ ಜಮೈಕದ ಮಕ್ಕಳೆಲ್ಲ ಅಮೆರಿಕದ ಕಾಲೇಜುಗಳಿಗೆ ಹೋಗಲೇಬೇಕೆಂಬ ರೂಢಿಗೆ ಅದು ಉತ್ತರವಾಯಿತು. 2008 ಮತ್ತು 2012ರ ಒಲಿಂಪಿಕ್ಸುಗಳಲ್ಲಿ ಮಹಿಳೆಯರ ನೂರು ಮೀಟರನ್ನು ಗೆದ್ದ ಷೆಲಿ ಆ್ಯನ್ ಫ್ರೇಸರ್ ಪ್ರೈಸ್, ಈಗ ವಿಶ್ವವಿದ್ಯಾನಿಲಯವಾಗಿರುವ ಆ ಸಂಸ್ಥೆಯಲ್ಲಿಯೇ ಓದಿದವರು. ಅವರ ಗೆಲುವಿಗೆ ಅವರದೇ ಗುರುಗಳಿದ್ದಾರೆ, ಅವರದೇ ಶ್ರಮವಿದೆ. ಆದರೂ ಅಲ್ಲಿನ ಓಟಗಾರರು ಸಡಿಲಿದ ದವಡೆಯಿಂದ, ಬಿಗಿಯದ ಬೆರಳುಗಳಿಂದ ಓಡುವುದನ್ನು ಕಂಡಾಗ, ಸ್ಯಾನ್ ಹೋಸೆಯ ಆ ಅಧ್ಯಾಪಕರು ನೆನಪಿಗೆ ಬರುವುದು ಸಹಜವೇ ಅಲ್ಲವೆ?