ಇಂದಿನ ಧಮ್ಮ ಚಿಂತನೆ: ಪದವಿ ಇಲ್ಲದ ಪ್ರಾಧ್ಯಾಪಕ



ರಾಹುಲ ಸಾಂಕೃತ್ಯಾಯನರಿಗೆ ಕಾಲೇಜಿನ ಯಾವ ಪದವಿಯೂ ಇರಲಿಲ್ಲ. 1927ರಲ್ಲಿ ಶ್ರೀಲಂಕಾದ ವಿದ್ಯಾಲಂಕಾರ ಪಿರಿವೇಣಕ್ಕೆ (ಅಂದರೆ ಭಿಕ್ಖುಗಳ ವಿದ್ಯಾಲಯಕ್ಕೆ) ಸಂಸ್ಕೃತ ಕಲಿಸಲು ಹೋದರು. ಕಲಿಸುತ್ತಲೇ ಪಾಲಿ ಕಲಿತರು, 1930ರಲ್ಲಿ ಅಲ್ಲೇ ಚೀವರ ಧರಿಸಿದರು. ನಾಲ್ಕು ಸಲ ಟಿಬೆಟ್ಟಿಗೆ ಹೋಗಿ, ಭಾರತ ಕಳೆದುಕೊಂಡಿದ್ದ ಧರ್ಮಕೀರ್ತಿಯ ಪ್ರಮಾಣವಾರ್ತಿಕದ ಸಂಸ್ಕೃತ ಮೂಲವನ್ನು ಬೆಳಕಿಗೆ ತಂದರು. ಇದಕ್ಕಿಂತ ದೊಡ್ಡ ಪದವಿ ಬೇಕೇ?

ಮುಂದೆ ಚೀವರ ಬಿಟ್ಟರು, ರೈತರ ಪರ ನಿಂತು ಜೈಲಿಗೂ ಹೋದರು. 1959ರಲ್ಲಿ ಅದೇ ಪಿರಿವೇಣ ವಿಶ್ವವಿದ್ಯಾಲಯವಾದಾಗ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಮತ್ತೆ ಅಲ್ಲಿಗೆ ಹೋದರು. ಆಗ ವಯಸ್ಸು 66. ಪಾಠ ನಡೆದದ್ದು ಸುಮಾರು ಎರಡೇ ವರ್ಷ. 1961ರಲ್ಲಿ ಭಾರತಕ್ಕೆ ಮರಳಿದರು. ಆ ವರ್ಷವೇ ಕಾಯಿಲೆ ಅವರ ನೆನಪನ್ನು ಕಿತ್ತುಕೊಂಡಿತು. 1963ರ ಏಪ್ರಿಲ್ 14ರಂದು, ನಮ್ಮ ಬಾಬಾಸಾಹೇಬರ ಜಯಂತಿಯ ದಿನ, ಡಾರ್ಜಿಲಿಂಗಿನಲ್ಲಿ ತೀರಿಕೊಂಡರು.